ವೆಬ್‌ಸೈಟಿಗೆ ನೀರು ಹಾಕಿದ ದಿನಗಳು

ಬಸ್ಸು ಹತ್ತಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಮೇಲಿನ ಕಂಬಿ ಹಿಡಿಯುವುದು. ನಾನು ಈಗ ಹಾಗೆ ಹಿಡಿಯುವುದಿಲ್ಲ. ಮೊದಲು ಬೆರಳುಗಳ ಹಿಂಬದಿಯನ್ನು ಕಂಬಿಗೆ ತಾಗಿಸುತ್ತೇನೆ. ಏನೂ ಆಗದಿದ್ದರೆ ಮಾತ್ರ ಕೈ ತಿರುಗಿಸಿ ಹಿಡಿಯುತ್ತೇನೆ. ಅಷ್ಟರಲ್ಲಿ ಡ್ರೈವರು ಗೇರು ಬದಲಿಸಿ, ನಾನು ಯಾರದೋ ಊಟದ ಬ್ಯಾಗಿನ ಮೇಲೆ ಬಿದ್ದಿರುತ್ತೇನೆ. ಮಳವಳ್ಳಿಯಿಂದ ಮದ್ದೂರಿನ ಕಡೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಒಂದು ವಾರ ಇದನ್ನು ನೋಡಿದ. ಆಮೇಲೆ ತಡೆದುಕೊಳ್ಳಲು ಆಗಲಿಲ್ಲ ಅಂತ ಕಾಣುತ್ತದೆ.

"ಯಾಕ್ ಮೇಡಂ, ನಮ್ ಬಸ್ಸಲ್ಲಿ ಕರೆಂಟ್ ಒಡೀತದಾ?"

"ಇಲ್ಲಪ್ಪ, ಅಭ್ಯಾಸ."

"ಒಡುದ್ರೆ ಯೋಳಿ. ಡೀಸೆಲ್ ಆಕ್ಸಾದಾದ್ರೂ ತಪ್ತದೆ."

ಅರ್ಧ ಬಸ್ಸು ನಕ್ಕಿತು. ನಾನೂ ನಕ್ಕೆ. ನಕ್ಕರೂ ಕೈ ಕೇಳಬೇಕಲ್ಲ. ಸ್ಕೂಲಿನ ಗೇಟು, ಸ್ಟಾಫ್ ರೂಮಿನ ಬೀರು, ಅಡುಗೆಮನೆಯ ನಲ್ಲಿ, ಎಲ್ಲಕ್ಕೂ ಇದೇ ಮರ್ಯಾದೆ. ಮೊನ್ನೆ ನನ್ನದೇ ಊಟದ ಡಬ್ಬಿಯನ್ನು ಹಾಗೆ ಮುಟ್ಟಿ ನೋಡಿ, ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಕೊನೆಯವರೆಗೆ ಕಾಯಿಸುವಷ್ಟು ಧೈರ್ಯ ನನಗಿಲ್ಲ. ನನ್ನ ಅತ್ತೆ ಬದುಕಿದ್ದಾರೆ. ಈಗ ನಾನು ಇದನ್ನು ಬರೆಯುವಾಗಲೂ ಹಿತ್ತಲಲ್ಲಿ ಯಾರದೋ ಮೇಕೆಯನ್ನು ಬೈಯುತ್ತಿದ್ದಾರೆ. ಆದರೆ ಈ ಬೇಸಿಗೆಯ ಒಂದು ಭಾನುವಾರ ಅವರು ನನ್ನ ಕಣ್ಣೆದುರಿಗೇ ಒಂದು ಕಬ್ಬಿಣದ ಪೈಪನ್ನು ಹಿಡಿದು, ಬಿಡಲಾಗದೆ ನಿಂತಿದ್ದರು. ಆ ಪೈಪಿಗೆ ಕರೆಂಟು ಬಂದದ್ದು ನನ್ನ ವೆಬ್‌ಸೈಟಿನ ದೆಸೆಯಿಂದ.

ಕೈಯ ಹಿಂಬದಿಯಿಂದ ಮುಟ್ಟುವ ವಿದ್ಯೆ ನನ್ನ ಚಿಕ್ಕಪ್ಪನದು. ಬಸರಾಳಿನ ಹತ್ತಿರದ ನಮ್ಮೂರಲ್ಲಿ ಅವರ ಪಂಪ್‌ಸೆಟ್ಟಿನ ಗುಡಿಸಲಿತ್ತು. ಒಳಗೆ ಸ್ಟಾರ್ಟರ್ ಪೆಟ್ಟಿಗೆ, ಗ್ರೀಸಿನ ವಾಸನೆ, ಗೋಡೆಯ ತುಂಬ ಹಲ್ಲಿಗಳು. ಬಾಗಿಲಲ್ಲಿ ಒಂದೇ ಒಂದು ಜೊತೆ ಹವಾಯಿ ಚಪ್ಪಲಿ. ಸ್ಟಾರ್ಟರ್ ಮುಟ್ಟುವವರು ಅದನ್ನು ಮೆಟ್ಟಿಕೊಳ್ಳಬೇಕು, ಬಂದು ಅಲ್ಲೇ ಬಿಡಬೇಕು. ಅದನ್ನು ಮೆಟ್ಟಿಕೊಂಡು ಊರೊಳಗೆ ಹೋದರೆ ಏಟು ಬೀಳುತ್ತಿತ್ತು. ಚಿಕ್ಕಪ್ಪನಿಗೆ ಗೊತ್ತಿದ್ದ ವಿದ್ಯುತ್ ಶಾಸ್ತ್ರವೆಲ್ಲ ಆ ಚಪ್ಪಲಿಯಲ್ಲಿ ಮತ್ತು ಒಂದು ಮಾತಿನಲ್ಲಿತ್ತು. "ಅಂಗೈ ಕೊಟ್ರೆ ಇಡ್ಕತದೆ ಕಣವ್ವ, ಇಂದ್ಗಡೆ ಕೊಟ್ರೆ ಒದ್ದು ಕಳಿಸ್ತದೆ." ನಮ್ಮ ಸ್ಕೂಲಿನ ಕಂಪ್ಯೂಟರ್ ಟೀಚರ್ ರೂಪಾ ಹೇಳುವ ಪ್ರಕಾರ ಇದು ಪರೀಕ್ಷೆಯೇ ಅಲ್ಲ, ಹೀಗೆ ಮುಟ್ಟಿಯೂ ಸಾಯಬಹುದು. ಇರಬಹುದು. ಈ ವಯಸ್ಸಿನಲ್ಲಿ ಹೊಸ ನಂಬಿಕೆ ಕಲಿಯುವುದು ಕಷ್ಟ.

ನಾನು ಗಣಿತದ ಟೀಚರು. ಮದ್ದೂರು ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕೆಲಸ, ಮನೆ ಮಳವಳ್ಳಿಯ ಹೊರಗಿನ ಹೊಸ ಬಡಾವಣೆಯಲ್ಲಿ. ಹತ್ತನೇ ತರಗತಿಯ ಹಳೆಯ ಪ್ರಶ್ನೆಪತ್ರಿಕೆಗಳ ಲೆಕ್ಕಗಳನ್ನು ಒಂದೂ ಹಂತ ಬಿಡದೆ ಕೈಯಲ್ಲಿ ಬರೆದು, ಫೋಟೊ ತೆಗೆದು, ಒಂದು ವೆಬ್‌ಸೈಟಿನಲ್ಲಿ ಹಾಕಲು ಶುರುಮಾಡಿದೆ. ನಮ್ಮ ಮಕ್ಕಳಿಗೆಂದು ಮಾಡಿದ್ದು. ಆಮೇಲೆ ಗುರುತಿಲ್ಲದ ಊರುಗಳ ಮಕ್ಕಳೂ ಬರತೊಡಗಿದರು. "ಮೇಡಂ, ಮೂರನೇ ಹಂತದಲ್ಲಿ ಮೈನಸ್ ಬಿಟ್ಟುಹೋಗಿದೆ" ಎಂದು ಒಬ್ಬಳು ಬರೆದ ದಿನ ನನಗೆ ಪ್ರಶಸ್ತಿ ಬಂದಷ್ಟು ಸಂತೋಷವಾಗಿತ್ತು. ಯಾರೋ ನಿಜವಾಗಿ ಓದುತ್ತಿದ್ದಾರೆ ಎಂದಾಯಿತಲ್ಲ.

ಆ ವೆಬ್‌ಸೈಟು ಇದ್ದದ್ದು ನಮ್ಮ ಹಾಲಿನ ಶೋಕೇಸಿನ ಮೇಲೆ. ಪರದೆ ಒಡೆದು, ಬ್ಯಾಟರಿ ಸತ್ತುಹೋಗಿದ್ದ ನನ್ನ ಹಳೆಯ ಲ್ಯಾಪ್‌ಟಾಪೇ ಅದರ ಮನೆ. ಯಾವುದೋ ಊರಿನ ಹುಡುಗಿ ಫೋನಿನಲ್ಲಿ ವಿಳಾಸ ಒತ್ತಿದರೆ, ಅವಳ ಕೋರಿಕೆ ತಂತಿ ಹಿಡಿದು ಸೀದಾ ನಮ್ಮ ಶೋಕೇಸಿಗೆ ಬರುತ್ತಿತ್ತು. ಲ್ಯಾಪ್‌ಟಾಪು ಬೇಕಾದ ಹಾಳೆ ತೆಗೆದು ಕಳಿಸುತ್ತಿತ್ತು. ಕರೆಂಟು ಹೋದರೆ ಅಂಗಡಿ ಬಾಗಿಲು ಹಾಕಿದಂತೆ.

"ಮನೇಲಿಟ್ಕೊಂಡು ಯಾಕೆ ಒದ್ದಾಡ್ತೀರಾ ಮೇಡಂ? ಒಂದು ವರ್ಚುವಲ್ ಸರ್ವರ್ ಬಾಡಿಗೆಗೆ ತಗೊಳ್ಳಿ" ಎಂದು ರೂಪಾ ಎಷ್ಟೋ ಸಲ ಹೇಳಿದ್ದಳು. ಹಾಗೆಂದರೆ ಏನು ಎಂದು ಕೇಳಿದೆ. ಎಲ್ಲೋ ಒಂದು ದೊಡ್ಡ ಕಟ್ಟಡದಲ್ಲಿ ದೊಡ್ಡ ಯಂತ್ರವಿರುತ್ತದಂತೆ. ಅದರೊಳಗೆ ಇಲ್ಲದ ಗೋಡೆಗಳನ್ನು ಕಟ್ಟಿ ಹತ್ತಾರು ಜನಕ್ಕೆ ಹಂಚುತ್ತಾರಂತೆ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಯಂತ್ರ ಇದೆ ಎನ್ನುವಂತೆ ಕಾಣುತ್ತದಂತೆ.

"ಅಂದ್ರೆ ವಠಾರ" ಎಂದೆ.

"ಹಂಗೇ ಅಂದ್ಕೊಳ್ಳಿ."

ಅಲ್ಲಿಗೆ ಆ ಮಾತು ನನ್ನ ಮಟ್ಟಿಗೆ ಮುಗಿಯಿತು. ಮಂಡ್ಯದಲ್ಲಿ ಬಿ.ಎಸ್ಸಿ. ಓದುವಾಗ ನಾನು ವಠಾರದಲ್ಲಿದ್ದವಳು. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ತಿಂಗಳುಗಳಲ್ಲಿ ಕಾಕಂಬಿಯ ವಾಸನೆ ಪುಸ್ತಕದ ಹಾಳೆಗೂ ಹತ್ತಿಕೊಳ್ಳುತ್ತಿತ್ತು. ಆರು ಕೋಣೆಗೆ ಒಂದೇ ಮೀಟರು, ಮೇನ್ ಸ್ವಿಚ್ಚು ಓನರ್ ಮನೆಯ ಹಾಲಿನಲ್ಲಿ. ಪಕ್ಕದ ಕೋಣೆಯಲ್ಲಿ ಚಟ್ನಿ ರುಬ್ಬಿದರೆ ನನ್ನ ಬಲ್ಬು ಮಂಕಾಗುತ್ತಿತ್ತು. ಬೆಳಗಾಗುತ್ತಲೇ ಫ್ಯಾನು ನಿಲ್ಲುತ್ತಿತ್ತು, ಗೋಡೆಯಾಚೆಯಿಂದ ಓನರ್ ಹೆಂಡತಿಯ ದನಿ ಬರುತ್ತಿತ್ತು: "ಅಗಲೊತ್ತು ಫ್ಯಾನೇನ್ರವ್ವ ನಿಮ್ಗೆ, ಕಿಟಕಿ ತಗೀರಿ!" ಆಗಲೇ ತೀರ್ಮಾನಿಸಿದ್ದೆ. ಮುಂದೆ ನನ್ನದು ಎನ್ನುವ ಯಾವ ವಸ್ತುವೂ ಇನ್ನೊಬ್ಬರ ಸ್ವಿಚ್ಚಿನ ಕೆಳಗೆ ಇರಕೂಡದು. ಇಷ್ಟು ವರ್ಷದ ಹಠವನ್ನು ರೂಪಾಳ ಒಂದು ಮಾತಿಗೆ ಬಿಡುವುದುಂಟೇ?

ಮನೆಯಲ್ಲಿದ್ದದ್ದರಿಂದ ಅದು ಮನೆಯವರಿಗೆಲ್ಲ ಸೇರಿತು. ಅತ್ತೆ ಅದನ್ನು ಲೆಕ್ಕದ ಡಬ್ಬ ಎಂದು ಕರೆದರು. ಗಂಡ ಮಾದೇವ ಶೋಕೇಸಿನ ಮುಂದೆ ಹಾದುಹೋಗುವಾಗ ದನಿ ತಗ್ಗಿಸುತ್ತಿದ್ದ, ಒಳಗೆ ಯಾರೋ ಮಲಗಿದ್ದಾರೆ ಎನ್ನುವಂತೆ. ಹೊರಗಿನವರು ಬಂದು ಬಾಗಿಲು ತಳ್ಳುವುದೂ ಇತ್ತು. ಪ್ರಪಂಚದ ಯಾವ ಮೂಲೆಯಿಂದಲೋ ಯಾರೋ ಒಂದೇ ಸಮ ಪಾಸ್‌ವರ್ಡು ಊಹಿಸುತ್ತ ಕೂತಿರುತ್ತಾರೆ. ಲ್ಯಾಪ್‌ಟಾಪು ಆ ಪ್ರಯತ್ನಗಳನ್ನೆಲ್ಲ ಬರೆದಿಡುತ್ತದೆ. ಆ ಉದ್ದದ ಪಟ್ಟಿಯನ್ನು ಒಂದು ದಿನ ಅತ್ತೆಗೆ ತೋರಿಸಿದೆ.

"ಯಾವನಮ್ಮಿ ಅವ್ನು ಬಾಗ್ಲು ತಳ್ಳೋನು?"

"ಗೊತ್ತಿಲ್ಲ ಅತ್ತೆ. ಯಾವ್ದೋ ದೇಶದಿಂದ."

"ಅಲ್ಲಿಂದ ಬಂದು ಏನ್ ಒತ್ಕೊಂಡೋಗಾನು? ಬರೀ ತ್ರಿಕೋನ ಐತೆ. ಓದ್ರೆ ಓಗ್ಲಿ ಬುಡು, ಅವ್ನಿಗೂ ಮಕ್ಳಿರ್ಬೇಕು."

ವೆಬ್‌ಸೈಟು ಕಾಣದೇ ಹೋದರೆ ನನ್ನ ಫೋನಿಗೆ ಟಿಣ್ ಎಂದು ಸಂದೇಶ ಬರುವ ಏರ್ಪಾಡು ಮಾಡಿಕೊಂಡಿದ್ದೆ. ಅದು ನಿಮಿಷಕ್ಕೊಮ್ಮೆ ನಮ್ಮ ಮನೆಯ ಬಾಗಿಲು ತಟ್ಟಿ ನೋಡುತ್ತಿತ್ತು. ಟಿಣ್ ಎಂದರೆ ಸಾಕು, ತರಗತಿಯಲ್ಲಿ ವೃತ್ತ ಬರೆಯುತ್ತಿದ್ದವಳ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಬೆಲ್ಲಾದ ತಕ್ಷಣ ಮನೆಗೆ ಫೋನು.

"ಅತ್ತೆ, ಕರೆಂಟ್ ಐತಾ? ಹಸಿರು ದೀಪ ಉರೀತಾ ಐತಾ ನೋಡಿ."

"ಉಂಡ್ರಾ ಅತ್ತೆ ಅಂತ ಒಂದಿನ ಕೇಳ್ನಿಲ್ಲ ನೀನು."

"ಉಂಡ್ರಾ ಅತ್ತೆ?"

"ಉಂಡೆ. ದೀಪಾನೂ ಉರೀತಾ ಐತೆ. ಮಡುಗು ಫೋನ."

ಮಾರ್ಚಿನಲ್ಲಿ, ಪರೀಕ್ಷೆ ಹತ್ತಿರವಾಗಿ ಮಕ್ಕಳು ಹಿಂಡು ಹಿಂಡಾಗಿ ಬರುವ ಹೊತ್ತಿಗೆ, ನಮ್ಮ ಮನೆಯೊಂದರಲ್ಲಿ ಮಾತ್ರ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿ ಊದಿಕೊಂಡು ಮೂಲೆ ಸೇರಿ ತಿಂಗಳಾಗಿತ್ತು. ಮೋಟರ್ ರಿಪೇರಿಯ ಸಿದ್ದರಾಜುವನ್ನು ಕರೆಸಿದೆವು. ಅವನು ಟೆಸ್ಟರ್ ಇಟ್ಟ. ಅದು ಉರಿಯಿತು.

"ಫೇಸ್ ಐತೆ ಕಣಕ್ಕ, ನ್ಯೂಟ್ರಲ್ ಓಗೈತೆ. ಕಂಬದತ್ರ ತಂತಿ ಬುಟ್ಕೊಂಡಿರ್ತದೆ."

ಮನೆಗೆ ಕರೆಂಟು ಒಂದು ತಂತಿಯಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ಸು ಹೋಗುತ್ತದೆ. ಹೋಗುವ ದಾರಿ ತುಂಡಾದರೆ ಬಂದದ್ದಕ್ಕೂ ಬೆಲೆಯಿಲ್ಲ. ಇದಕ್ಕೆ ನಮ್ಮ ಕಡೆ ಹೊಲದ ಮನೆಗಳವರೆಲ್ಲ ಬಲ್ಲ ಒಂದು ಉಪಾಯವಿದೆ. ವಾಪಸ್ಸು ಹೋಗುವ ತಂತಿಯನ್ನು ಕಂಬಕ್ಕೆ ಕಳಿಸುವ ಬದಲು ಭೂಮಿಗೆ ಇಳಿಸುವುದು. ಸಿದ್ದರಾಜು ಹಿತ್ತಲನ್ನು ಒಮ್ಮೆ ನೋಡಿದ. ಗೋಡೆಯ ಪಕ್ಕ, ಬಟ್ಟೆ ಒಣಹಾಕುವ ತಂತಿ ಕಟ್ಟಲು ನೆಟ್ಟಿದ್ದ ಎದೆಯೆತ್ತರದ ಕಬ್ಬಿಣದ ಪೈಪಿತ್ತು. ಬಟ್ಟೆಯ ತಂತಿ ಬಿಚ್ಚಿದ, ಮನೆಯಿಂದ ವೈರು ಎಳೆದು ಪೈಪಿಗೆ ಸುತ್ತಿದ. ಹಾಲಿನಲ್ಲಿ ಬಲ್ಬು ಹತ್ತಿತು, ಡಬ್ಬದ ಹಸಿರು ದೀಪ ಹತ್ತಿತು. ನಾನು ಚಪ್ಪಾಳೆ ತಟ್ಟಿದೆ. ನಿಜವಾಗಿ ತಟ್ಟಿದೆ.

"ಒಂದು ಬಲ್ಬು, ನಿಮ್ ಡಬ್ಬ. ಅಷ್ಟೇಯ. ಮೋಟರ್ ಗೀಟರ್ ಆಕ್ಬ್ಯಾಡಿ. ಪೈಪಿನ ಬುಡಕ್ಕೆ ದಿನಾ ಒಂದ್ ಬಿಂದ್ಗೆ ನೀರು ಉಯ್ಯಿ. ನೆಲ ಒಣಗುದ್ರೆ ಡಬ್ಬ ಆರೋಯ್ತದೆ" ಎಂದು ಮೂವರಿಗೂ ಹೇಳಿ ಹೋದ.

ಮಾರನೆಯ ದಿನ ಕರೆಂಟ್ ಆಫೀಸಿಗೆ ದೂರು ಕೊಡೋಣ ಎಂದುಕೊಂಡೆವು. ಕೊಡಲಿಲ್ಲ. ದೀಪ ಉರಿಯುತ್ತಿರುವ ಮನೆಯವರು ಏನೆಂದು ದೂರು ಕೊಡುವುದು? ಪದವಿಯಲ್ಲಿ ಭೌತಶಾಸ್ತ್ರ ಓದಿ ಒಳ್ಳೆಯ ಅಂಕ ತೆಗೆದವಳು ನಾನು ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಗೊತ್ತಿಲ್ಲದವಳಾಗಿದ್ದರೆ ಹೆದರುತ್ತಿದ್ದೆನೇನೋ. ಗೊತ್ತಿದ್ದದ್ದರಿಂದ, ಒಂದು ಲ್ಯಾಪ್‌ಟಾಪಿಗೆ ಎಷ್ಟು ಮಹಾ ಕರೆಂಟು ಹರಿದೀತು ಎಂದು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ನೆಮ್ಮದಿಯಾಗಿದ್ದೆ.

ನೀರು ಹಾಕುವ ಕೆಲಸ ಅತ್ತೆಯದಾಯಿತು. ನೀರು ಹೊರುವುದೂ ಕಷ್ಟವೇ ಇತ್ತು, ಮೋಟರ್ ಹಾಕುವಂತಿರಲಿಲ್ಲವಲ್ಲ. ಬೀದಿನಲ್ಲಿಯ ನೀರಿನಲ್ಲೇ ಸಂಸಾರ. ಆದರೂ ಪೈಪಿನ ಪಾಲು ತಪ್ಪುತ್ತಿರಲಿಲ್ಲ. ತುಳಸಿಗೆ ಹಾಕಿ ಹಾಕಿ ಬಂದ ರೂಢಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು, ಬುಡ ತೋಯುವಂತೆ ನಿಧಾನವಾಗಿ ಹುಯ್ಯುತ್ತಿದ್ದರು. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯವರು ಕೇಳಿದರಂತೆ, ಕಬ್ಬಿಣದ ಪೈಪಿಗ್ಯಾಕೆ ನೀರಾಕ್ತಿದ್ದೀರಿ ಅಂತ.

"ನಮ್ ಸೊಸೆ ಲೆಕ್ಕ ಬೆಳೀತಾವ್ಳೆ" ಎಂದರಂತೆ ಅತ್ತೆ.

ಈ ಮಾತನ್ನು ನಾನೇ ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ರೂಪಾ ಒಬ್ಬಳು ನಗಲಿಲ್ಲ.

"ಆ ಪೈಪನ್ನ ಯಾರಾದ್ರೂ ಮುಟ್ಟಿದ್ರೆ ಮೇಡಂ?"

"ಯಾರು ಮುಟ್ತಾರೆ? ಗೋಡೆ ಪಕ್ಕದಲ್ಲಿದೆ" ಎಂದೆ. ನೀರು ಹಾಕುವವರು ಗಾಳಿಯಲ್ಲಿ ತೇಲಿ ಬಂದು ಹಾಕಿ ಹೋಗುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಹತ್ತನೆಯ ದಿನ ಭಾನುವಾರ. ಮಧ್ಯಾಹ್ನದ ಬಿಸಿಲು. ಮಾದೇವ ಸ್ನಾನಕ್ಕೆ ಹೊರಟ. ಟ್ಯಾಂಕಿನಲ್ಲಿ ಹನಿ ನೀರಿಲ್ಲ, ಸಂಪಿನಲ್ಲಿ ಮಾತ್ರ ಇತ್ತು. "ಐದೇ ನಿಮಿಷ, ಏನಾಯ್ತದೆ" ಎಂದು ತನಗೆ ತಾನೇ ಹೇಳಿಕೊಂಡು ಮೋಟರಿನ ಸ್ವಿಚ್ಚು ಒತ್ತಿದ. ಬಲ್ಬು ಎಳೆಯುವ ಕರೆಂಟೆಲ್ಲಿ, ಮೋಟರು ಎಳೆಯುವ ಕರೆಂಟೆಲ್ಲಿ? ಅದೆಲ್ಲವೂ ಆ ಪೈಪಿನ ಮೂಲಕ ನೆಲಕ್ಕೆ ಇಳಿಯಬೇಕು. ಇಳಿಯಲಾಗದ್ದು ಪೈಪಿನಲ್ಲೇ ನಿಲ್ಲಬೇಕು. ಅದೇ ಗಳಿಗೆಯಲ್ಲಿ ಅತ್ತೆ ಪೈಪಿನ ಬುಡಕ್ಕೆ ಬಗ್ಗಿ ನೀರು ಹುಯ್ದು, ಮಂಡಿನೋವಿನವರು, ಮೇಲೇಳಲು ಆಸರೆಗೆಂದು ಅದೇ ಪೈಪನ್ನು ಹಿಡಿದರು.

ನಾನು ಅಡುಗೆಮನೆಯ ಹಿಂಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದೆ. ಎಲ್ಲವನ್ನೂ ನೋಡಿದೆ.

ಅವರು ಕಿರುಚಲಿಲ್ಲ. ಮೈ ನಡುಗಿದ್ದೂ ನನಗೆ ಕಾಣಲಿಲ್ಲ. ಅರ್ಧ ಬಗ್ಗಿದವರು ಅರ್ಧದಲ್ಲೇ ನಿಂತರು. ಇನ್ನೊಂದು ಕೈಯ ಬಿಂದಿಗೆ ಬಿದ್ದು, ಉಳಿದ ನೀರು ಅವರ ಪಾದದ ಸುತ್ತ ಹರಡಿತು. ಬಾಯಿ ತೆರೆದಿತ್ತು. ಗುಂಯ್ ಎನ್ನುವ ಒಂದು ಸದ್ದು ಬರುತ್ತಿತ್ತು. ಅದು ಮೋಟರಿನದೋ ಅವರದೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೂಗಿಕೊಂಡೆ ಎಂದು ಎಲ್ಲರಿಗೂ ಹೇಳಿದ್ದೇನೆ. ಕೂಗಲಿಲ್ಲ. "ಅತ್ತೆ?" ಎಂದೆ, ಏನೋ ಕೇಳುವವಳ ಹಾಗೆ. ಬಿಂದಿಗೆಯ ಸದ್ದಿಗೆ ಟವೆಲ್ ಸುತ್ತಿಕೊಂಡೇ ಹೊರಗೆ ಬಂದ ಮಾದೇವ ಒಂದು ಸಲ ತಾಯಿಯನ್ನು ನೋಡಿದ. ಅವರ ಕಡೆಗೆ ಓಡಲಿಲ್ಲ. ತಿರುಗಿ ಮನೆಯೊಳಗೆ ಓಡಿ ಮೇನ್ ಸ್ವಿಚ್ಚು ಎಳೆದ. ಅತ್ತೆಯ ಕೈ ಬಿಟ್ಟಿತು. ಅವರು ಮಗ್ಗುಲಾಗಿ ಬಿದ್ದರು.

ಮಾದೇವ ಮತ್ತೆ ಓಡಿಬಂದು ಅವರ ತಲೆ ಎತ್ತಿ ಹಿಡಿದ. ನಾನು ಇನ್ನೂ ಬಾಗಿಲಲ್ಲೇ ಇದ್ದೆ. ಆಗ ನನ್ನ ಕೈಯಲ್ಲಿದ್ದ ಫೋನು ಟಿಣ್ ಎಂದಿತು.

ನಾನು ಫೋನು ನೋಡಿದೆ.

ನಿಮ್ಮ ವೆಬ್‌ಸೈಟ್ ಕಾಣುತ್ತಿಲ್ಲ, ಎಂದಿತ್ತು. ಪೂರ್ತಿ ಓದಿದೆ. ಒಂದು ಸಾಲು ಓದುವಷ್ಟು ಹೊತ್ತು. "ನಿಂತ್ಕೊಂಡೇನ್ ಮಾಡ್ತಿದ್ದೀಯೇ, ಬಾ ಇಲ್ಲಿ!" ಎಂದು ಮಾದೇವ ಕೂಗಿದಾಗ ಓಡಿದೆ. ಅವನು ತಾಯಿಯ ಮುಖದಿಂದ ಕಣ್ಣು ತೆಗೆದಿರಲಿಲ್ಲ. ಹೆಂಡತಿ ಹೆದರಿ ಮರಗಟ್ಟಿದ್ದಾಳೆ ಎಂದುಕೊಂಡಿದ್ದ.

ಆಸ್ಪತ್ರೆಯಲ್ಲಿ ಅಂಗೈ ಸುಟ್ಟದ್ದಕ್ಕೆ ಕಟ್ಟು ಹಾಕಿದರು, ಎದೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ಆ ತಂತಿಗಳನ್ನು ನೋಡಿ ನಾನು ಗೋಡೆಗೆ ಒರಗಿ ಕೂತೆ. ಹೃದಯಕ್ಕೇನೂ ಆಗಿಲ್ಲ ಎಂದರು ಡಾಕ್ಟರು. "ಅದ್ನೊಂದು ಚೀಟೀಲಿ ಬರ್ಕೊಡಿ ಸ್ವಾಮಿ, ನಮ್ ಸೊಸೆ ಬಾಯ್ಮಾತ್ಗೆ ನಂಬಾಕಿಲ್ಲ" ಎಂದರು ಅತ್ತೆ.

ಸೋಮವಾರ ಬೆಳಿಗ್ಗೆ ದೂರು ಕೊಟ್ಟೆವು. ಮಧ್ಯಾಹ್ನದೊಳಗೆ ಲೈನ್‌ಮನ್‌ಗಳು ಬಂದು, ಕಂಬ ಹತ್ತಿ, ತಂತಿ ಬಿಗಿದು ಇಳಿದು ಹೋದರು. ಅಷ್ಟೇ ಕೆಲಸ. ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಸಿದ್ದರಾಜುವೂ ಬಂದ. ಗೇಟಿನ ಒಳಗೆ ಕಾಲಿಡದೆ, "ಮೋಟರ್ ಆಕ್ಬ್ಯಾಡಿ ಅಂದಿದ್ನಲ್ಲಕ್ಕ" ಎಂದು ನೆಲ ನೋಡುತ್ತ ನಿಂತ. ಆಮೇಲೆ ತಾನೇ ಹಾರೆ ಕೇಳಿ, ಆ ಪೈಪನ್ನು ಅಗೆದು ಕಿತ್ತು, ಹೆಗಲ ಮೇಲೆ ಹೊತ್ತುಕೊಂಡು ಹೋದ. ಎಲ್ಲ ಮುಗಿದ ಮೇಲೆ ಮಾದೇವ ಹಿತ್ತಲಿನ ಆ ಗುಂಡಿಯ ಮುಂದೆ ಬಹಳ ಹೊತ್ತು ಕೂತಿದ್ದ.

ಅದೇ ವಾರ ಊಟದ ಬಿಡುವಿನಲ್ಲಿ ರೂಪಾ ಮತ್ತು ನಾನು ಸ್ಟಾಫ್ ರೂಮಿನಲ್ಲಿ ಕೂತು ವರ್ಚುವಲ್ ಸರ್ವರ್ ಒಂದನ್ನು ಬಾಡಿಗೆಗೆ ಹಿಡಿದೆವು. ಬೆಲ್ಲು ಹೊಡೆಯುವಷ್ಟರಲ್ಲಿ ಎಲ್ಲ ಲೆಕ್ಕಗಳೂ ಹೊಸ ಮನೆಗೆ ಸಾಗಿಸಿ ಆಗಿತ್ತು. ಅವಳು "ನಾನು ಹೇಳಿರ್ಲಿಲ್ವಾ" ಎನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈಗ ವೆಬ್‌ಸೈಟು ಬೀಳುವುದಿಲ್ಲ. ಮಳೆ, ಗಾಳಿ, ಕರೆಂಟು ಯಾವುದರ ಹಂಗೂ ಅದಕ್ಕಿಲ್ಲ. ಬೀಳುತ್ತಿರುವುದು ನಾನು. ಬೋರ್ಡಿನ ಮೇಲೆ ಪ್ರಮೇಯ ಬರೆಯುವಾಗ ಕಣ್ಣ ಮುಂದೆ ಬಿಂದಿಗೆ ಉರುಳುತ್ತದೆ. ಮೋಟರಿಗೆ ಎಷ್ಟು, ಒದ್ದೆ ಮಣ್ಣಿನ ತಡೆ ಎಷ್ಟು, ಚಪ್ಪಲಿ ಹಾಕಿದ್ದರೆ ಎಷ್ಟು, ಮಾದೇವ ಮೊದಲೇ ಬಚ್ಚಲಿನ ಬಾಗಿಲು ಹಾಕಿಕೊಂಡಿದ್ದರೆ ಎಷ್ಟು ಎಂದು ಲೆಕ್ಕ ಹಾಕುತ್ತೇನೆ. ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಯಾವ ಉತ್ತರದಲ್ಲೂ ನಾನು ಬಾಗಿಲಿನಿಂದ ಕದಲುವುದಿಲ್ಲ.

ಹೋದ ವಾರ ಒಂದು ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಬಲಗೈಯ ಗಾಯ ಇನ್ನೂ ಹಸಿ, ಹುಳಿ ತಾಗಿದರೆ ಉರಿಯುತ್ತದೆಂದು ಎಡಗೈಯಲ್ಲೇ ಒದ್ದಾಡುತ್ತಿದ್ದರು. ನಾನು ಎದುರಿಗೆ ಕೂತು ಬೀಜ ತೆಗೆಯತೊಡಗಿದೆ. ಹತ್ತು ಹಣ್ಣು ಆದವೋ ಇಲ್ಲವೋ, ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಅತ್ತೆ, ನೀವು ಬಿದ್ದಾಗ ನಾನು ಮೊದ್ಲು ಫೋನ್ ನೋಡ್ದೆ. ಆಮೇಲೆ ನಿಮ್ಮತ್ರ ಓಡ್ಬಂದೆ."

ಅವರು ಕೈಯಲ್ಲಿದ್ದ ಹಣ್ಣನ್ನು ಸೀಳಿದರು. "ನಂಗೊತ್ತು ಕಣಮ್ಮಿ. ಕಣ್ ಬುಟ್ಕೊಂಡೇ ಬಿದ್ದಿದ್ದೆ."

"ಮತ್ತೆ ಬೈಯೋದಲ್ವಾ ಅತ್ತೆ ನನ್ನ?"

"ಬೈದು ಏನ್ ಮಾಡಾಣ. ನಾನೂ ಒಂದು ಬಚ್ಚಿಟ್ಟಿವ್ನಿ." ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. "ಆ ಪೈಪು ಮೂರ್ ದಿನದಿಂದ ಜುಮ್ ಅಂತಿತ್ತು. ಕೈ ಇಟ್ರೆ ಇರುವೆ ಅರಿದಾಡ್ದಂಗೆ."

"ಮೂರು ದಿನದಿಂದ್ಲಾ? ಯಾಕೆ ಹೇಳ್ಲಿಲ್ಲ ಅತ್ತೆ? ದಿನಕ್ಕೆ ನಾಕು ಸಲ ಫೋನ್ ಮಾಡ್ತಿದ್ನಲ್ಲ ನಾನು!"

"ಯೋಳಾಣ ಅಂತ್ಲೇ ಫೋನ್ ಎತ್ಕೊತಿದ್ದೆ. ನೀನು ದೀಪ ಐತಾ ಅಂತಿದ್ದೆ." ಅವರು ಒಂದು ಹಣ್ಣಿನ ಸಿಪ್ಪೆ ಬಿಡಿಸಿದರು. ಆಮೇಲೆ ನನ್ನ ಕಡೆ ನೋಡದೆ ನಿಧಾನವಾಗಿ ಹೇಳಿದರು. "ಯೋಳುದ್ರೆ ನೀನು ಅದ್ನ ಆರಿಸ್ಬುಡ್ತಿದ್ದೆ. ಪಾಪ, ಐಕ್ಳು ಪರೀಕ್ಸೆ ಅಂದ್ಕೊಂಡೆ. ಇಲ್ಲಾ, ಯೋಳುದ್ರೂ ನೀನು ಆರಿಸ್ದಂಗೇ ಇದ್ಬುಡ್ತಿದ್ದೆ. ಎಲ್ಡ್ರಲ್ಲಿ ಯಾವ್ದು ಅಂತ ನಂಗೆ ಗೊತ್ತಾಗ್ನಿಲ್ಲ ಕಣಮ್ಮಿ. ಅದುಕ್ಕೇ ಯೋಳ್ನಿಲ್ಲ."

ಆರಿಸುತ್ತಿದ್ದೆ ಎನ್ನಲು ಬಾಯಿ ತೆರೆದೆ. ಎಷ್ಟು ಸುಲಭದ ಮಾತು. ಈಗ ಅತ್ತೆ ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು. ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ.

ಸ್ವಲ್ಪ ಹೊತ್ತು ಕಾದರು. ಆಮೇಲೆ ಮೊರವನ್ನು ನನ್ನ ಕಡೆಗೆ ತಳ್ಳಿ, "ನಾರು ತಗಿ" ಎಂದರು.